ರಾಹುಕಾಲ ಕ್ಯಾಲೆಂಡರಿನಲ್ಲಿ ಒಂದು, ಪಂಚಾಂಗದಲ್ಲಿ ಇನ್ನೊಂದು ಇರುವುದು ಯಾಕೆ?

ಗೋಡೆ ಕ್ಯಾಲೆಂಡರಿನವರು ಸೂರ್ಯ ದಿನಾ ಬೆಳಿಗ್ಗೆ 6ಕ್ಕೆ ಹುಟ್ಟಿ ಸಂಜೆ 6ಕ್ಕೆ ಮುಳುಗುತ್ತಾನೆ ಅಂತ ಹಿಡಿದುಕೊಂಡು ಅಚ್ಚು ಹಾಕಿರುತ್ತಾರೆ, ಅದಕ್ಕೇ. ಪಂಚಾಂಗದ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಅಲ್ಲಿಂದ ಸೂರ್ಯಾಸ್ತದವರೆಗಿನ ಹಗಲನ್ನು 8 ಸಮಭಾಗ ಮಾಡಿ, ಒಂದನ್ನು ರಾಹುವಿಗೆ ಬಿಡುತ್ತಾರೆ. ಯಾವ ಭಾಗ ಅನ್ನುವುದು ವಾರದ ಮೇಲೆ: ಸೋಮವಾರ ಎರಡನೆಯದು, ಮಂಗಳವಾರ ಏಳನೆಯದು, ಭಾನುವಾರ ಕೊನೆಯದು. ಹಗಲು 12 ಗಂಟೆ ಇದ್ದರೆ ಒಂದು ಭಾಗ ಒಂದೂವರೆ ಗಂಟೆ, ಹಾಗಾಗಿ ಮಂಗಳವಾರ 3ರಿಂದ 4:30. ಆದರೆ ಜೂನ್ ಕೊನೆಗೆ ಬೆಂಗಳೂರಿನಲ್ಲಿ ಹಗಲು ಹೆಚ್ಚುಕಮ್ಮಿ 13 ಗಂಟೆ ಇರುತ್ತದೆ ಅಲ್ವಾ, ಆಗ ಅದೇ ಮಂಗಳವಾರದ ರಾಹುಕಾಲ ಮೂರೂವರೆ ದಾಟಿ ಶುರುವಾಗಿ ಐದು ಕಳೆದ ಮೇಲೆ ಮುಗಿಯುತ್ತದೆ. ಗುಳಿಕಕಾಲ, ಯಮಗಂಡಕಾಲಕ್ಕೂ ಇದೇ ಲೆಕ್ಕ. ನಿಜವಾಗಿ ಹೊತ್ತು ನೋಡುವವರು ನಿಮ್ಮೂರಿನ ಸೂರ್ಯೋದಯವನ್ನೇ ಹಿಡಿಯಿರಿ.