ಸಸ್ಯಶಾಸ್ತ್ರ ವಿಭಾಗದ ಒಳಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಿಶ್ವವಿದ್ಯಾಲಯಗಳ ಸಸ್ಯಶಾಸ್ತ್ರ ವಿಭಾಗಗಳ ಚರಿತ್ರೆ, ಅಲ್ಲಿನ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಮತ್ತು ಪ್ರಯೋಗಾಲಯಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ ಕೊಟ್ಟಿದ್ದೇವೆ. ಮಳೆಗಾಲ ಹತ್ತಿರವಿರುವುದರಿಂದ ಗಿಡ ಒಣಗಿಸುವ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಸಸ್ಯಶಾಸ್ತ್ರಕ್ಕೆಂದೇ ಒಂದು ವಿಭಾಗ ಬೇಕೆಂದು ವಿಶ್ವವಿದ್ಯಾಲಯಗಳಿಗೆ ಅನ್ನಿಸಿದ್ದು ಯಾವಾಗ? ನಮ್ಮ ರಾಜ್ಯದಲ್ಲಿ ಈ ಪಾಠ ಎಲ್ಲಿ ಬೇರು ಬಿಟ್ಟಿತು?
– ಪಿಯು ಉಪನ್ಯಾಸಕಿ, ತಿಪಟೂರು

ಉತ್ತರ: ಗಿಡಗಳ ಪಾಠ ಮೊದಲು ನಡೆದದ್ದು ವೈದ್ಯ ವಿದ್ಯಾರ್ಥಿಗಳಿಗೆ. ಇಟಲಿಯ ಪಡುವಾದಲ್ಲಿ 1533ರಲ್ಲಿ ಔಷಧ ಮೂಲಿಕೆಗಳನ್ನು ಕಲಿಸುವುದಕ್ಕೇ ಒಂದು ಪ್ರಾಧ್ಯಾಪಕ ಹುದ್ದೆ ಹುಟ್ಟಿತು. ಫ್ರಾನ್ಚೆಸ್ಕೊ ಬೊನಾಫೆದೆ ಆ ಪೀಠದಲ್ಲಿ ಕೂತರು. ಪುಸ್ತಕ ನೋಡಿ ಗಿಡ ಗುರುತಿಸಲು ಹೋದರೆ ಎಡವಟ್ಟಾಗುತ್ತದೆ, ಮೂಲಿಕೆ ತಪ್ಪಿದರೆ ರೋಗಿಯ ಪ್ರಾಣಕ್ಕೇ ಕುತ್ತು. ಹಾಗಾಗಿ 1545ರಲ್ಲಿ ವಿಶ್ವವಿದ್ಯಾಲಯಕ್ಕೆ ಒಂದು ತೋಟ ಬಂತು. ಆ ತೋಟ ಇಂದಿಗೂ ಅದೇ ಜಾಗದಲ್ಲಿದೆ, 1585ರಲ್ಲಿ ನೆಟ್ಟ ಒಂದು ಪಾಮ್ ಗಿಡ ಅಲ್ಲಿ ಇನ್ನೂ ಬದುಕಿದೆ. ಅದೇ ಕಾಲದಲ್ಲಿ ಬೊಲೋನ್ಯಾ ಮತ್ತು ಪೀಸಾದಲ್ಲಿ ಪಾಠ ಹೇಳುತ್ತಿದ್ದ ಲೂಕಾ ಗಿನಿ ಗಿಡಗಳನ್ನು ಒತ್ತಿ ಒಣಗಿಸಿ ಕಾಗದಕ್ಕೆ ಅಂಟಿಸುವ ಪದ್ಧತಿ ಹರಡಿದರು. ಸೂಕ್ಷ್ಮದರ್ಶಕ ಬರುವ ಮೊದಲೇ ತೋಟ ಮತ್ತು ಹರ್ಬೇರಿಯಂ ಬಂದಿದ್ದವು ಎಂಬುದನ್ನು ಗಮನಿಸಿ.

ನಮ್ಮಲ್ಲಿ ಇದರ ನೆಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. 1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ 1875ರಲ್ಲಿ ಸೆಂಟ್ರಲ್ ಕಾಲೇಜಾದ ಇದು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ವಿಜ್ಞಾನ ಕೇಂದ್ರವಾಯಿತು. ಪ್ರಾಧ್ಯಾಪಕ ಎಂ.ಎ. ಸಂಪತ್ಕುಮಾರನ್ ಅವರ ಕಾಲದಲ್ಲಿ ಹೂಗಿಡಗಳ ಭ್ರೂಣಶಾಸ್ತ್ರ ಅಲ್ಲಿ ಗಟ್ಟಿಯಾಗಿ ನೆಲೆಯೂರಿತು. ಕನ್ನಡಿಗರಿಗೆಲ್ಲ ಪರಿಚಿತರಾದ ಬಿ.ಜಿ.ಎಲ್. ಸ್ವಾಮಿಯವರು ಓದಿದ್ದೂ ಅಲ್ಲಿಯೇ. 1960ರಲ್ಲಿ ಮೈಸೂರಿನ ಮಾನಸಗಂಗೋತ್ರಿ ಸ್ನಾತಕೋತ್ತರ ಕೇಂದ್ರವಾಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾದಾಗ ಸೆಂಟ್ರಲ್ ಕಾಲೇಜು ಅದರ ಪಾಲಿಗೆ ಹೋಯಿತು.

ಪ್ರಶ್ನೆ: ದೆಹಲಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಹೆಸರನ್ನು ಪಠ್ಯಪುಸ್ತಕಗಳು ಮತ್ತೆ ಮತ್ತೆ ಎತ್ತುತ್ತವೆ. ಅಲ್ಲಿ ಅಂಥದ್ದೇನು ನಡೆಯಿತು? ದುಬಾರಿ ಉಪಕರಣಗಳಿದ್ದವೇ?
– ಎಂ.ಎಸ್ಸಿ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಪಂಚಾನನ ಮಾಹೇಶ್ವರಿ 1949ರಲ್ಲಿ ಢಾಕಾದಿಂದ ದೆಹಲಿಗೆ ಬಂದು ವಿಭಾಗದ ಮುಖ್ಯಸ್ಥರಾದರು. ಮೈಕ್ರೋಟೋಮ್ (ಮೇಣದಲ್ಲಿ ಕೂರಿಸಿದ ಅಂಗಾಂಶವನ್ನು ತೆಳುವಾಗಿ ಕತ್ತರಿಸುವ ಯಂತ್ರ), ಮೇಣದ ಓವನ್, ಸೂಕ್ಷ್ಮದರ್ಶಕಗಳು ಮತ್ತು ಒಪ್ಪವಾಗಿ ಜೋಡಿಸಿಟ್ಟ ಸ್ಲೈಡುಗಳು ಆಗಿನ ಭ್ರೂಣಶಾಸ್ತ್ರದ ಮುಖ್ಯ ಸಾಧನಗಳು. 1951ರಲ್ಲಿ ಅಲ್ಲಿಂದ ‘ಫೈಟೊಮಾರ್ಫಾಲಜಿ’ ಪತ್ರಿಕೆ ಹೊರಟಿತು. ಗಿಡದ ಭ್ರೂಣ ಹೇಗೆ ಬೆಳೆಯುತ್ತದೆಂದು ಸ್ಲೈಡಿನಲ್ಲಿ ನೋಡಿ ನೋಡಿ ಪಳಗಿದವರು, ಅದನ್ನೇ ಗಾಜಿನ ನಳಿಕೆಯಲ್ಲಿ ಬೆಳೆಸಿದರೆ ಹೇಗೆ ಎಂಬಲ್ಲಿಗೆ ಬಂದರು.

1962ರಲ್ಲಿ ಕಾಂತಾ, ರಂಗಸ್ವಾಮಿ ಮತ್ತು ಮಾಹೇಶ್ವರಿ ಅಫೀಮು ಗಸಗಸೆಯ ಅಂಡಕಗಳನ್ನು (ಮುಂದೆ ಬೀಜವಾಗುವ ಭಾಗಗಳನ್ನು) ಬಿಡಿಸಿ ಪೋಷಕ ಮಾಧ್ಯಮದ ಮೇಲಿಟ್ಟರು. ಪರಾಗವನ್ನು ನೇರವಾಗಿ ಅವುಗಳ ಮೇಲೆ ಉದುರಿಸಿ, ನಳಿಕೆಯೊಳಗೇ ಫಲೀಕರಣ ಮಾಡಿಸಿದರು. ಶಲಾಕಾಗ್ರ, ಅಂದರೆ ಹೂವಿನಲ್ಲಿ ಪರಾಗ ಹಿಡಿಯುವ ತುದಿ, ಒಪ್ಪದ ಪರಾಗಕ್ಕೂ ಇದರಿಂದ ದಾರಿ ಸಿಕ್ಕಿತು. 1964ರಲ್ಲಿ ಶಿಪ್ರಾ ಗುಹಾ ಮತ್ತು ಮಾಹೇಶ್ವರಿ ದತ್ತೂರದ ಒಂದು ಜಾತಿಯ ಪರಾಗಕೋಶಗಳನ್ನು ಬೆಳೆಸುತ್ತಿದ್ದಾಗ ಅವುಗಳೊಳಗಿಂದ ಪುಟ್ಟ ಭ್ರೂಣಗಳು ಹೊರಬಂದವು. ಅವು ಹುಟ್ಟಿದ್ದು ಪರಾಗಕಣಗಳಿಂದಲೇ ಎಂಬುದನ್ನು 1966ರ ಲೇಖನದಲ್ಲಿ ಖಚಿತಪಡಿಸಿದರು. ದತ್ತೂರದ ಮಾಮೂಲಿ ಗಿಡದಲ್ಲಿ 24 ವರ್ಣತಂತುಗಳಿದ್ದರೆ ಪರಾಗಕಣದ ಗಿಡದಲ್ಲಿ 12. ಆ ಸಂಖ್ಯೆಯನ್ನು ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ಇಮ್ಮಡಿಸಿದರೆ ಒಂದೇ ತಲೆಮಾರಿನಲ್ಲಿ ಶುದ್ಧ ತಳಿ. ಮಾಮೂಲಿ ದಾರಿಯಲ್ಲಿ ಇದಕ್ಕೆ ಆರೇಳು ತಲೆಮಾರು ಸ್ವಕೀಯ ಪರಾಗಸ್ಪರ್ಶ ಮಾಡಿಸಬೇಕು. ಭತ್ತ, ಗೋಧಿ, ಬಾರ್ಲಿಯ ತಳಿ ಅಭಿವೃದ್ಧಿಗೆ ಇಂದೂ ಇದೇ ತಂತ್ರ ಬಳಕೆಯಲ್ಲಿದೆ.

ಪ್ರಶ್ನೆ: ಮಳೆಗಾಲದಲ್ಲಿ ಸಂಗ್ರಹಿಸಿದ ಗಿಡಗಳು ಪ್ರೆಸ್ಸಿನಲ್ಲೇ ಕಪ್ಪಾಗಿ ಬೂಸ್ಟು ಹಿಡಿಯುತ್ತವೆ. ಬೇಸಗೆಯಲ್ಲಿ ಹೋದರೆ ಹೂವೇ ಇರುವುದಿಲ್ಲ. ಏನು ಮಾಡಬೇಕು?
– ಪದವಿ ಕಾಲೇಜಿನ ಅಧ್ಯಾಪಕರು, ತೀರ್ಥಹಳ್ಳಿ

ಉತ್ತರ: ಗಿಡ ಕಪ್ಪಾಗುವುದು ನಿಧಾನವಾಗಿ ಒಣಗಿದರೆ. ಎಲೆಯ ಜೀವಕೋಶ ಸತ್ತ ಮೇಲೂ ತೇವ ಉಳಿದರೆ ಒಳಗಿನ ರಸಗಳು ಗಾಳಿಯೊಡನೆ ಬೆರೆತು ಬಣ್ಣ ಕೆಡಿಸುತ್ತವೆ, ಮೇಲಿಂದ ಶಿಲೀಂಧ್ರ ಕೂರುತ್ತದೆ. ಮಲೆನಾಡಿನ ಜುಲೈನಲ್ಲಿ ಬರೀ ಪತ್ರಿಕೆ ಬದಲಾಯಿಸುವುದರಿಂದ ಇದು ನಿಲ್ಲದು, ಬಿಸಿಗಾಳಿ ಆಡಬೇಕು.

ಪ್ರೆಸ್ಸಿನ ಚೌಕಟ್ಟು 45 × 30 ಸೆಂ.ಮೀ. ಇರಲಿ. ಪ್ರತಿ ಗಿಡವನ್ನು ಮಡಿಸಿದ ಒಂದು ಪತ್ರಿಕೆಯೊಳಗಿಟ್ಟು ಎರಡೂ ಬದಿಗೆ ಬ್ಲಾಟಿಂಗ್ ಕಾಗದ ಕೊಡಿ. ಪ್ರತಿ ಎರಡು ಗಿಡಕ್ಕೊಂದು ಕೊಳವೆಗೆರೆಯ (ಕಾರುಗೇಟೆಡ್) ರಟ್ಟು ಹಾಕಿ. ಗೆರೆಗಳು ಪ್ರೆಸ್ಸಿನ ಅಗಲಕ್ಕೆ ಓಡಬೇಕು, ಆಗ ಗಾಳಿ ಹಾಯುವ ದಾರಿ ಗಿಡ್ಡವಾಗುತ್ತದೆ. ತಳದಲ್ಲಿ ಎರಡು 100 ವ್ಯಾಟ್ ಬಲ್ಬು, ಮೇಲೆ ತಂತಿ ಜಾಲರಿ ಇರುವ ಮರದ ಪೆಟ್ಟಿಗೆ ಮಾಡಿಸಿ, ಪ್ರೆಸ್ಸನ್ನು ಜಾಲರಿಯ ಮೇಲೆ ಅದರ ಉದ್ದನೆಯ ಅಂಚು ಕೆಳಗಾಗುವಂತೆ ನಿಲ್ಲಿಸಿ. ಬಲ್ಬಿಗೂ ಪ್ರೆಸ್ಸಿಗೂ ಕನಿಷ್ಠ 30 ಸೆಂ.ಮೀ. ಅಂತರ ಬೇಕು, ರಾತ್ರಿ ಯಾರೂ ಇಲ್ಲದಾಗ ಉರಿಯಬಿಡಬೇಡಿ. ಗಿಡದ ಹತ್ತಿರ 45ರಿಂದ 50 ಡಿಗ್ರಿ ಸೆ. ಸಾಕು. 60 ದಾಟಿದರೆ ಎಲೆ ಕಂದಾಗಿ ಮುಟ್ಟಿದರೆ ಪುಡಿಯಾಗುತ್ತದೆ.

ಹನ್ನೆರಡು ಗಂಟೆಯ ನಂತರ ಮೊದಲ ಸಲ ಪ್ರೆಸ್ ಬಿಚ್ಚಿ. ಈ ಹೊತ್ತಿಗೆ ಎಲೆ ಮೆತ್ತಗಾಗಿ ಹೇಳಿದಂತೆ ಕೇಳುತ್ತದೆ. ಮಡಿಕೆ ಬಿಡಿಸುವುದು, ಒಂದೆರಡು ಎಲೆಗಳನ್ನು ಮಗುಚಿ ಅಡಿಮೈ ಕಾಣುವಂತೆ ಇಡುವುದು ಆಗಲೇ ಆಗಬೇಕು. ನಂತರ ದಿನಕ್ಕೆರಡು ಸಲ ಬ್ಲಾಟಿಂಗ್ ಬದಲಾಯಿಸಿ. ಗಿಡ ಒಣಗಿದಂತೆ ಕುಗ್ಗುತ್ತದೆ, ಪ್ರತಿ ಸಲವೂ ಪಟ್ಟಿ ಬಿಗಿಯಿರಿ. ಸಡಿಲ ಬಿಟ್ಟರೆ ಎಲೆ ಹಪ್ಪಳದಂತೆ ಮುದುರುತ್ತದೆ. ಒಣಗಿದೆಯೇ ಎಂದು ತಿಳಿಯಲು ಕೈಬೆರಳಿಗಿಂತ ಕೆನ್ನೆ ವಾಸಿ. ಎಲೆ ತಣ್ಣಗೆ ತಾಗಿದರೆ ಇನ್ನೂ ನೀರಿದೆ.

ಸೀತಾಳೆ, ದಪ್ಪ ಎಲೆಯ ರಸಭರಿತ ಗಿಡಗಳು ಪ್ರೆಸ್ಸಿನಲ್ಲೂ ವಾರಗಟ್ಟಲೆ ಜೀವ ಹಿಡಿದು ಚಿಗುರುವುದುಂಟು. ಹೂ ಬಿಟ್ಟು ಉಳಿದ ಭಾಗವನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ನೀರು ಒರೆಸಿ, ಆಮೇಲೆ ಒತ್ತಿ. ನಿಮ್ಮ ಕಡೆಯ ಕಾಡು ಗೌರಿಹೂಗಳದ್ದು, ಅಂದರೆ ಇಂಪೇಷಿಯನ್ಸ್ ಗುಂಪಿನದ್ದು, ಬೇರೆ ತೊಂದರೆ. ಅದರ ಹೂವನ್ನು ಹಾಗೇ ಒತ್ತಿದರೆ ದಳಗಳೆಲ್ಲ ಅಂಟಿಕೊಂಡು ಒಂದು ಗುಲಾಬಿ ಮಚ್ಚೆ ಮಾತ್ರ ಉಳಿಯುತ್ತದೆ. ಎರಡು ಮೂರು ಹೂಗಳನ್ನು ಬಿಡಿಸಿ, ಬೆನ್ನ ದಳ, ರೆಕ್ಕೆ ದಳಗಳು, ಬಾಲವಿರುವ ತಳದ ಭಾಗ ಇವನ್ನು ಬೇರೆಬೇರೆಯಾಗಿ ಬಟರ್ ಪೇಪರಿನ ಮೇಲೆ ಹರಡಿ ಒಣಗಿಸಿ ಲಕೋಟೆಯಲ್ಲಿಡಿ. ಜಾತಿ ಗುರುತಿಸುವುದು ಈ ಭಾಗಗಳ ಆಕಾರದಿಂದ. ಇಲ್ಲಿ ಸೋಮಾರಿತನ ಮಾಡಿದರೆ ಹಾಳೆ ಇದ್ದೂ ಪ್ರಯೋಜನವಿಲ್ಲ.

ಕಾಡಿನಲ್ಲೇ ನಾಲ್ಕೈದು ದಿನ ಉಳಿಯಬೇಕಾದರೆ ಪತ್ರಿಕೆಯಲ್ಲಿಟ್ಟ ಗಿಡಗಳ ಕಟ್ಟನ್ನು ಪಾಲಿಥೀನ್ ಚೀಲಕ್ಕೆ ಹಾಕಿ, ಶೇ 60–70ರ ಆಲ್ಕೋಹಾಲ್ ಸುರಿದು ಪತ್ರಿಕೆ ನೆನೆಸಿ, ಗಾಳಿಯಾಡದಂತೆ ಕಟ್ಟಿ. ಕೆಲವು ವಾರ ಕೆಡದು. ಹೂವಿನ ಬಣ್ಣ ಮಾತ್ರ ಹೋಗುತ್ತದೆ. ಬಣ್ಣ, ವಾಸನೆ, ಗಿಡದ ಎತ್ತರ, ಹಾಲು ಸುರಿಯುತ್ತದೆಯೇ, ಸ್ಥಳ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ನಿಮ್ಮ ಸಂಗ್ರಹ ಸಂಖ್ಯೆ, ಇಷ್ಟನ್ನೂ ಗಿಡದ ಮುಂದೆ ನಿಂತೇ ಪೆನ್ಸಿಲ್ಲಿನಲ್ಲಿ ಬರೆಯಿರಿ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿಗೆ ಕದಡಿಹೋಗುತ್ತದೆ. ಅರಣ್ಯ ಪ್ರದೇಶದಲ್ಲಿ ಸಂಗ್ರಹಿಸಲು ಇಲಾಖೆಯ ಲಿಖಿತ ಅನುಮತಿ ಮೊದಲೇ ಕೈಯಲ್ಲಿರಲಿ.

ಒಣಗಿದ ಗಿಡವನ್ನು ಸುಮಾರು 42 × 29 ಸೆಂ.ಮೀ. ಅಳತೆಯ ಆಮ್ಲರಹಿತ ದಪ್ಪ ಹಾಳೆಗೆ ಅಂಟಿಸಿ, ದಪ್ಪ ರೆಂಬೆಯನ್ನು ದಾರದಿಂದ ಹೊಲಿಯಿರಿ. ಲೇಬಲ್ ಬಲಗಡೆ ಕೆಳಮೂಲೆಗೆ. ಸೆಲ್ಲೋಟೇಪ್ ಬೇಡವೇ ಬೇಡ, ಕೆಲವೇ ವರ್ಷಕ್ಕೆ ಹಳದಿಯಾಗಿ ಕಳಚಿ, ಅಂಟನ್ನು ಹಾಳೆಯ ಮೇಲೇ ಬಿಟ್ಟು ಹೋಗುತ್ತದೆ.

ಪ್ರಶ್ನೆ: ಮೈಕ್ರೋಟೋಮ್‌ನಲ್ಲಿ ಮೇಣದ ಪಟ್ಟಿ ನೆಟ್ಟಗೆ ಬರುವುದಿಲ್ಲ, ಬಂದರೂ ಅಂಗಾಂಶದ ಜಾಗದಲ್ಲಿ ತೂತು. ಯಂತ್ರ ರಿಪೇರಿಗೆ ಕಳಿಸಬೇಕೆ?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇನ್ನೂ ಬೇಡ. ತೂತಿಗೆ ಕಾರಣ ಯಂತ್ರವಲ್ಲ, ಮೇಣ ಒಳಗೆ ಇಳಿದಿಲ್ಲ. ಫಾರ್ಮಲಿನ್ 5 ಮಿ.ಲೀ., ಗ್ಲೇಸಿಯಲ್ ಅಸಿಟಿಕ್ ಆಮ್ಲ 5 ಮಿ.ಲೀ., ಶೇ 70ರ ಆಲ್ಕೋಹಾಲ್ 90 ಮಿ.ಲೀ. ಬೆರೆಸಿದ ಎಫ್‌ಎಎ ದ್ರಾವಣದಲ್ಲಿ ಮೊಗ್ಗು ತೇಲುತ್ತಿದ್ದರೆ ಒಳಗೆ ಗಾಳಿ ಇದೆ ಎಂದರ್ಥ. ಅಲ್ಲೇ ವ್ಯಾಕ್ಯೂಮ್ ಪಂಪಿನಿಂದ ಗಾಳಿ ಎಳೆದು, ಮೊಗ್ಗು ಮುಳುಗಿದ ಮೇಲೆ ಮುಂದುವರಿಯಿರಿ. ಮುಂದೆ ನೀರು ತೆಗೆಯುವ ಆಲ್ಕೋಹಾಲ್ ಸರಣಿಯಲ್ಲಿ (ಹಂತಹಂತವಾಗಿ ಗಾಢವಾಗುವ ಆಲ್ಕೋಹಾಲಿನಲ್ಲಿ) ಅವಸರ ಮಾಡಿದರೆ ನೀರು ಉಳಿದು ಮೇಣಕ್ಕೆ ಅಡ್ಡ ನಿಲ್ಲುತ್ತದೆ. 58–60 ಡಿಗ್ರಿಯಲ್ಲಿ ಕರಗುವ ಮೇಣವನ್ನು ಮೂರು ಸಲ ಬದಲಾಯಿಸಿ. ಓವನ್ ಅದಕ್ಕಿಂತ ಎರಡು ಡಿಗ್ರಿಗಿಂತ ಹೆಚ್ಚು ಬಿಸಿಯಾದರೆ ಅಂಗಾಂಶ ಗಡಸಾಗಿ ಚೂರಾಗುತ್ತದೆ.

ಪಟ್ಟಿ ಒಂದೇ ಬದಿಗೆ ಬಾಗಿದರೆ ಬ್ಲಾಕಿನ ಮೇಲಂಚು ಮತ್ತು ಕೆಳಂಚು ಸಮಾನಾಂತರವಾಗಿಲ್ಲ, ಬ್ಲೇಡಿನಿಂದ ಕೆತ್ತಿ ಸರಿಮಾಡಿ. ಪಟ್ಟಿಯ ಉದ್ದಕ್ಕೂ ಗೀರು ಬಿದ್ದರೆ ಅಲಗಿನಲ್ಲಿ ಕಚ್ಚು ಇದೆ, ಅಲಗನ್ನು ಪಕ್ಕಕ್ಕೆ ಸರಿಸಿ. ಸುರುಳಿ ಸುತ್ತಿದರೆ ಅಲಗು ಮೊಂಡಾಗಿದೆ, ಇಲ್ಲವೇ ಮೇಣ ತಣ್ಣಗಾಗಿ ಗಡಸಾಗಿದೆ. ಚಳಿಗಾಲದ ಬೆಳಗ್ಗೆ ಬ್ಲಾಕಿನ ಮೇಲೆ ಉಸಿರು ಬಿಟ್ಟರೂ ಸಾಕು. ನಿಮ್ಮೂರಿನ ಏಪ್ರಿಲ್‌ನಲ್ಲಿ ತದ್ವಿರುದ್ಧ, ಬ್ಲಾಕನ್ನು ಹತ್ತು ನಿಮಿಷ ಮಂಜುಗಡ್ಡೆಯ ಮೇಲಿಟ್ಟು ಕತ್ತರಿಸಿ. ದಪ್ಪ 8–12 ಮೈಕ್ರಾನ್ ಇರಲಿ.

ಪ್ರಶ್ನೆ: ನಮ್ಮ ವಿಭಾಗದ ಅಂಗಾಂಶ ಕೃಷಿ ಪ್ರಯೋಗಾಲಯದಲ್ಲಿ ಅರ್ಧಕ್ಕರ್ಧ ಬಾಟಲಿ ಕೆಡುತ್ತಿದೆ. ಲ್ಯಾಮಿನಾರ್ (ಸೋಸಿದ ಗಾಳಿ ಬೀಸುವ ಕೆಲಸದ ಮೇಜು) ಹೊಸತು. ತಪ್ಪು ಎಲ್ಲಿ?
– ಪ್ರಯೋಗಾಲಯ ಸಹಾಯಕರು, ದಾವಣಗೆರೆ

ಉತ್ತರ: ಬಾಟಲಿ ಕೆಟ್ಟ ದಿನ ಮತ್ತು ಜಾಗ ನೋಡಿ. ಮೂರು ನಾಲ್ಕು ದಿನದಲ್ಲಿ ಮಾಧ್ಯಮದ ಮೇಲೆ ಅಲ್ಲಲ್ಲಿ ಹತ್ತಿಯಂಥ ಶಿಲೀಂಧ್ರ ಬಂದರೆ ಅದು ಗಾಳಿಯಿಂದಲೋ ಕೈಯಿಂದಲೋ ಬಿದ್ದದ್ದು. ವಾರ ಕಳೆದ ಮೇಲೆ ಗಿಡದ ತುಂಡಿನ ಬುಡದ ಸುತ್ತ ಮಾತ್ರ ಹಾಲಿನಂಥ ಮಸುಕು ಕಂಡರೆ ಬ್ಯಾಕ್ಟೀರಿಯಾ ತುಂಡಿನೊಳಗೇ ಇತ್ತು. ತುಂಡು ಹಾಕದ ಖಾಲಿ ಮಾಧ್ಯಮವೂ ಕೆಟ್ಟರೆ ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರ, ನೋಡಿ. 121 ಡಿಗ್ರಿ, 15 ಪೌಂಡ್ ಒತ್ತಡ, 15–20 ನಿಮಿಷ, ಅದೂ ಒಳಗಿನ ಗಾಳಿಯೆಲ್ಲ ಹೊರಟು ಒತ್ತಡ ಏರಿದ ಮೇಲೆ ಎಣಿಸಬೇಕು. ಲೀಟರ್ ಬಾಟಲಿಗೆ ಈ ಅವಧಿ ಸಾಲದು, ಸಣ್ಣ ಬಾಟಲಿಗಳಲ್ಲಿ ಹಂಚಿ. ಹೆಚ್ಚು ಹೊತ್ತು ಬೇಯಿಸಿದರೂ ತೊಂದರೆಯೇ: ಸಕ್ಕರೆ ಕಂದಾಗುತ್ತದೆ, ಪಿಎಚ್ ಇಳಿಯುತ್ತದೆ, ಅಗರ್ ಗಟ್ಟಿಯಾಗುವುದಿಲ್ಲ. ಎಂಎಸ್ (ಮುರಾಶಿಗೆ-ಸ್ಕೂಗ್) ಪೋಷಕ ಮಾಧ್ಯಮಕ್ಕೆ ಲೀಟರಿಗೆ 30 ಗ್ರಾಂ ಸಕ್ಕರೆ, 8 ಗ್ರಾಂ ಅಗರ್ ಹಾಕಿ, ಅಗರ್ ಹಾಕುವ ಮೊದಲೇ ಪಿಎಚ್ 5.8ಕ್ಕೆ ತನ್ನಿ.

ತುಂಡನ್ನು ಹರಿವ ನೀರಿನಲ್ಲಿ ಅರ್ಧ ಗಂಟೆ ತೊಳೆದು, ಶೇ 70ರ ಆಲ್ಕೋಹಾಲಿನಲ್ಲಿ 30 ಸೆಕೆಂಡು, ನಂತರ ಎರಡು ಹನಿ ಟ್ವೀನ್-20 (ಸಾಬೂನಿನಂಥ ದ್ರವ) ಬೆರೆಸಿದ ಶೇ 1ರ ಸೋಡಿಯಂ ಹೈಪೋಕ್ಲೋರೈಟಿನಲ್ಲಿ 10 ನಿಮಿಷ ಆಡಿಸಿ, ಕ್ರಿಮಿಶುದ್ಧ ನೀರಿನಲ್ಲಿ ನಾಲ್ಕು ಸಲ ಜಾಲಾಡಿ. ಎಷ್ಟೋ ಕಡೆ ಈಗಲೂ ಮರ್ಕ್ಯುರಿಕ್ ಕ್ಲೋರೈಡ್ ಬಳಸಿ ಸಿಂಕಿಗೆ ಸುರಿಯುತ್ತಾರೆ. ಪಾದರಸದ ವಿಷ ಅದು, ದಯವಿಟ್ಟು ನಿಲ್ಲಿಸಿ. ಲ್ಯಾಮಿನಾರ್ ಹೊಸತಾದರೂ ಕೆಲಸಕ್ಕೆ 20 ನಿಮಿಷ ಮೊದಲೇ ಗಾಳಿ ಹಚ್ಚಬೇಕು, ಫಿಲ್ಟರಿಗೂ ತೆರೆದ ಬಾಟಲಿಗೂ ನಡುವೆ ಕೈ ಬರಬಾರದು. ಸ್ಪಿರಿಟ್ ಒರೆಸಿದ ಕೈಯನ್ನು ಆರದೆ ಜ್ವಾಲೆಯ ಹತ್ತಿರ ಒಯ್ಯಬೇಡಿ.

ಪ್ರಶ್ನೆ: ಪ್ರಬಂಧಕ್ಕಾಗಿ ಶಂಖಪುಷ್ಪಿ ಬಳಸುತ್ತಿದ್ದೇನೆ. ವಿಶ್ವವಿದ್ಯಾಲಯದವರು ‘ವೌಚರ್’ ಕೊಡಿ ಎನ್ನುತ್ತಾರೆ. ಅಂಗಡಿಯ ಬಿಲ್ಲು ಸಾಲದೇ?
– ಆಯುರ್ವೇದ ಸ್ನಾತಕೋತ್ತರ ವಿದ್ಯಾರ್ಥಿ, ಹಾಸನ

ಉತ್ತರ: ಸಾಲದು. ವೌಚರ್ ಎಂದರೆ ನೀವು ಬಳಸಿದ್ದು ಯಾವ ಗಿಡ ಎಂಬುದಕ್ಕೆ ಸಾಕ್ಷಿಯಾಗಿ ಇಡುವ ಒಣಗಿಸಿದ ಮಾದರಿ. ಶಂಖಪುಷ್ಪಿ ಎಂಬ ಹೆಸರಿನಲ್ಲಿ ಕಾನ್ವಾಲ್ವುಲಸ್, ಇವಾಲ್ವುಲಸ್, ಕ್ಲಿಟೋರಿಯಾ ಈ ಮೂರೂ ಬಳಕೆಯಲ್ಲಿವೆ, ಮೂರೂ ಬೇರೆ ಬೇರೆ ಗಿಡ. ನೀವು ಬಳಸಿದ ಗಿಡದ್ದೇ ಹೂ, ಸಾಧ್ಯವಾದರೆ ಕಾಯಿ ಇರುವ ರೆಂಬೆಯನ್ನು ಮೇಲೆ ಹೇಳಿದಂತೆ ಒಣಗಿಸಿ, ಎರಡು ಹಾಳೆ ಮಾಡಿ, ಹರ್ಬೇರಿಯಂ ಇರುವ ವಿಭಾಗಕ್ಕೆ ಕೊಡಿ. ಅವರು ಕೊಡುವ ನೋಂದಣಿ ಸಂಖ್ಯೆಯನ್ನು ಪ್ರಬಂಧದಲ್ಲಿ ಬರೆಯಿರಿ. ಇಪ್ಪತ್ತು ವರ್ಷದ ನಂತರ ಯಾರಾದರೂ ನಿಮ್ಮ ಫಲಿತಾಂಶ ಪರೀಕ್ಷಿಸಬೇಕೆಂದರೆ ಆ ಹಾಳೆಯೊಂದೇ ಸಾಕ್ಷಿ. ನಿಮ್ಮ ಜಿಲ್ಲೆಯ ಸಸ್ಯಗಳ ಬಗ್ಗೆ 1976ರಲ್ಲಿ ಪ್ರಕಟವಾದ ಗ್ರಂಥದ ಸಂಪಾದಕರಲ್ಲೊಬ್ಬರಾದ ಫಾದರ್ ಸೆಸಿಲ್ ಸಲ್ಡಾನಾ ಕಟ್ಟಿದ ಹರ್ಬೇರಿಯಂ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಜೆಸಿಬಿ ಎಂಬುದು ಅದರ ಅಂತಾರಾಷ್ಟ್ರೀಯ ಸಂಕೇತ. ಅಲ್ಲಿನ ಹಾಳೆಗಳೊಡನೆ ಹೋಲಿಸಿ ನೋಡುವುದು ಒಳ್ಳೆಯದು.

ಪ್ರಶ್ನೆ: ಕಾಲೇಜು ಹೊಸ ಕಟ್ಟಡಕ್ಕೆ ಹೋಗುತ್ತಿದೆ. ಹುಳ ತಿಂದ ಹಳೆಯ ಹರ್ಬೇರಿಯಂ ಕಟ್ಟುಗಳನ್ನು ಸುಟ್ಟುಬಿಡಿ ಎಂಬ ಸೂಚನೆ ಬಂದಿದೆ. ಉಳಿಸಬಹುದೇ?
– ಸಹಾಯಕ ಪ್ರಾಧ್ಯಾಪಕರು, ಶಿವಮೊಗ್ಗ

ಉತ್ತರ: ಸುಡಬೇಡಿ, ಖಂಡಿತ ಬೇಡ. ಹಳೆಯ ಹಾಳೆಗಳಿಗೆ ಹುಳ ಬರದಂತೆ ಮರ್ಕ್ಯುರಿಕ್ ಕ್ಲೋರೈಡ್ ಬಳಿಯುವುದು ರೂಢಿಯಾಗಿತ್ತು. ಬೆಂಕಿ ಹಚ್ಚಿದರೆ ಪಾದರಸದ ಆವಿ ಸುತ್ತಲಿನವರ ಎದೆಗೆ ಇಳಿಯುತ್ತದೆ. ಹಾಳೆಯ ಮೇಲೆ ಬೂದು-ಕಪ್ಪು ಕಲೆ ಇದ್ದರಂತೂ ಅನುಮಾನವೇ ಬೇಡ. ನೈಟ್ರೈಲ್ ಕೈಗವಸು ತೊಟ್ಟು, ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಆ ಕೋಣೆಯಲ್ಲಿ ಕಾಫಿ-ತಿಂಡಿ ಬೇಡ.

ವಿಷದ ಮಾತು ಒತ್ತಟ್ಟಿಗಿರಲಿ, ಆ ಹಾಳೆಗಳಲ್ಲಿ ಈಗ ಮುಳುಗಡೆಯಾಗಿರುವ, ಬಡಾವಣೆಯಾಗಿರುವ ಜಾಗದ ಗಿಡಗಳಿರಬಹುದು. ಅವನ್ನು ಮತ್ತೆ ಸಂಗ್ರಹಿಸಲು ಯಾರಿಗೂ ಆಗದು.

ಹುಳ ಸಾಮಾನ್ಯವಾಗಿ ಸಿಗರೇಟ್ ಬೀಟಲ್, ಇಲ್ಲವೇ ಡ್ರಗ್‌ಸ್ಟೋರ್ ಬೀಟಲ್. ಸಾಸಿವೆಯಂಥ ಸಣ್ಣ ತೂತು, ಕಂದು ಪುಡಿ ಕಂಡರೆ ಅವೇ. ಕಟ್ಟುಗಳನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 20 ಡಿಗ್ರಿ ಇರುವ ಡೀಪ್ ಫ್ರೀಜರಿನಲ್ಲಿ ಕನಿಷ್ಠ ಏಳು ದಿನ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ತಣ್ಣನೆಯ ಹಾಳೆಗೆ ಗಾಳಿಯ ತೇವ ಹನಿಗಟ್ಟಿ ಬೂಸ್ಟಿಗೆ ದಾರಿಯಾಗುತ್ತದೆ. ಉದುರಿದ ಲೇಬಲ್ಲನ್ನು ಅಂದಾಜಿನ ಮೇಲೆ ಅಂಟಿಸಬೇಡಿ. ಯಾವ ಕಟ್ಟಿನಲ್ಲಿ, ಯಾವ ಹಾಳೆಯ ಪಕ್ಕ ಸಿಕ್ಕಿತೆಂದು ಬರೆದು ಲಕೋಟೆಯಲ್ಲಿಡಿ. ಗಿಡ ಪೂರ್ತಿ ಪುಡಿಯಾಗಿದ್ದರೂ ಲೇಬಲ್ ಎಸೆಯಬೇಡಿ. ಪ್ರತಿ ಹಾಳೆಯ ಫೋಟೊ ತೆಗೆದು ಪಟ್ಟಿ ಮಾಡಿ. ಕಾಲೇಜಿನಲ್ಲಿ ತೇವ ಶೇ 60ಕ್ಕಿಂತ ಕಡಿಮೆ ಇರುವ ಕೋಣೆ, ಬಿಗಿಯಾಗಿ ಮುಚ್ಚುವ ಉಕ್ಕಿನ ಕಪಾಟು ಕೊಡಲಾಗದಿದ್ದರೆ ಪಟ್ಟಿಯ ಸಮೇತ ವಿಶ್ವವಿದ್ಯಾಲಯದ ವಿಭಾಗಕ್ಕೋ, ಭಾರತೀಯ ಸಸ್ಯ ಸರ್ವೇಕ್ಷಣೆಯ ಕೊಯಮತ್ತೂರು ಅಥವಾ ಪುಣೆ ಕೇಂದ್ರಕ್ಕೋ ಪತ್ರ ಬರೆಯಿರಿ. ಉತ್ತರ ಬರುವವರೆಗೆ ಕಟ್ಟುಗಳು ಚೀಲದೊಳಗೇ ಇರಲಿ, ಚೀಲದ ಮೇಲೆ ‘ಪಾದರಸ ಇರಬಹುದು’ ಎಂದು ದಪ್ಪಕ್ಷರದಲ್ಲಿ ಬರೆದಿಡಿ.