ಆರೋಗ್ಯ ಪ್ರಶ್ನೋತ್ತರ: ರೊಟ್ಟಿಗೆ ಮರಳಿದರೂ ಇಳಿಯದ ಹೊಟ್ಟೆ

ಪ್ರಶ್ನೆ: ಮಾನ್ಯ ವೈದ್ಯರಿಗೆ ನಮಸ್ಕಾರಗಳು. ನಾನು ಕಾರಟಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ವಯಸ್ಸು 48, ಎತ್ತರ 165 ಸೆಂ.ಮೀ., ತೂಕ 74 ಕಿಲೊ, ಹೊಟ್ಟೆಯ ಸುತ್ತಳತೆ 98 ಸೆಂ.ಮೀ. ಕಳೆದ ತಿಂಗಳ ಪರೀಕ್ಷೆಯಲ್ಲಿ ಖಾಲಿಹೊಟ್ಟೆಯ ಸಕ್ಕರೆ 114, ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1, ರಕ್ತದೊತ್ತಡ 138/88 ಇತ್ತು. ಬೆಳಿಗ್ಗೆ ಒಗ್ಗರಣೆ-ಮಿರ್ಚಿ, ಮಧ್ಯಾಹ್ನ ಅನ್ನ-ಸಾರು, ಅಂಗಡಿ ಮುಚ್ಚಿ ಬಂದ ಮೇಲೆ ರಾತ್ರಿ ಹತ್ತಕ್ಕೆ ಊಟ. ಅನ್ನದಿಂದಲೇ ಸಕ್ಕರೆ ಕಾಯಿಲೆ ಬರುತ್ತದೆಂದು ಎಲ್ಲರೂ ಹೇಳಿದ್ದರಿಂದ ಆರು ತಿಂಗಳಿಂದ ರಾತ್ರಿ ಮೂರು ಜೋಳದ ರೊಟ್ಟಿ ತಿಂದು, ಮೇಲೆ ಸ್ವಲ್ಪ ಅನ್ನ-ಮಜ್ಜಿಗೆ ಉಣ್ಣುತ್ತೇನೆ. ಸಿಹಿ ಮುಟ್ಟುವುದಿಲ್ಲ; ಬಂದ ರೈತರೊಂದಿಗೆ ಏಳೆಂಟು ಸಲ ಚಹಾ ಆಗುತ್ತದೆ, ಅಷ್ಟೇ. ನಮ್ಮ ತಂದೆಯವರು ಇದೇ ರೊಟ್ಟಿ ತಿಂದು 82 ವರ್ಷ ಗಟ್ಟಿಯಾಗಿ ಬದುಕಿದರು. ನನಗೆ ಮಾತ್ರ ಏಕೆ ಹೀಗೆ?
– ಹೆಸರು ಬೇಡ, ಕಾರಟಗಿ

ಉತ್ತರ: ನಿಮಗೆ ಇನ್ನೂ ಮಧುಮೇಹ ಬಂದಿಲ್ಲ, ಅದರ ಹೊಸ್ತಿಲಲ್ಲಿದ್ದೀರಿ. ಖಾಲಿಹೊಟ್ಟೆಯ ಸಕ್ಕರೆ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅದನ್ನು ಮಧುಮೇಹದ ಪೂರ್ವಸ್ಥಿತಿ ಎನ್ನುತ್ತೇವೆ. ತೂಕವನ್ನು ಮೀಟರ್‌ನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ದೇಹತೂಕದ ಸೂಚ್ಯಂಕ (ಬಿಎಂಐ) ನಿಮಗೆ 27 ದಾಟುತ್ತದೆ. ನಮ್ಮ ದೇಶದವರಿಗೆ 23ರಿಂದಲೇ ಹೆಚ್ಚು ತೂಕ, 25ರಿಂದ ಬೊಜ್ಜು ಎಂದು ಲೆಕ್ಕ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಹೊಟ್ಟೆಯ ಅಳತೆಯ ಮೇಲೆ. ಗಂಡಸರಿಗೆ 90 ಸೆಂ.ಮೀ. ಮಿತಿ. ಒಳಗೆ ಯಕೃತ್ತಿನ ಮೇಲೆ, ಕರುಳಿನ ಸುತ್ತ ಕೂಡುವ ಕೊಬ್ಬು ತೊಡೆಯ ಕೊಬ್ಬಿನಂತೆ ಸುಮ್ಮನೆ ಕುಳಿತಿರುವುದಿಲ್ಲ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನಿನ ಮಾತನ್ನು ದೇಹ ಕೇಳದಂತೆ ಮಾಡುತ್ತದೆ.

ಇನ್ನು ಅನ್ನ, ರೊಟ್ಟಿಗಳ ವಿಚಾರ. ನೂರು ಗ್ರಾಂ ಜೋಳದ ಹಿಟ್ಟಿನಲ್ಲೂ ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲೂ ಇರುವ ಶಕ್ತಿ ಹೆಚ್ಚುಕಡಿಮೆ ಒಂದೇ, 330ರಿಂದ 360 ಕ್ಯಾಲೊರಿ. ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಆದ್ದರಿಂದ ರೊಟ್ಟಿ ಬೇಗ ಹೊಟ್ಟೆ ತುಂಬಿಸುತ್ತದೆ. ಆ ಲಾಭ ಸಿಗಬೇಕಾದರೆ ರೊಟ್ಟಿ ಅನ್ನದ ಜಾಗಕ್ಕೆ ಬರಬೇಕು. ನಿಮ್ಮ ತಟ್ಟೆಗೆ ಅದು ಅನ್ನದ ಜೊತೆಗಾರನಾಗಿ ಬಂದಿದೆ, ಹಾಗಾಗಿ ಊಟದ ಒಟ್ಟು ಮೊತ್ತ ಇಳಿದಿರುವ ಸಂಭವ ಕಡಿಮೆ. ರಾತ್ರಿ ಎರಡು ರೊಟ್ಟಿ, ಅವುಗಳ ಜೊತೆಗೆ ಪುಂಡಿಪಲ್ಯವೋ ಮೊಳಕೆ ಹೆಸರುಕಾಳೋ ಒಂದು ಬಟ್ಟಲು ತುಂಬ, ಬರಿಯ ಮಜ್ಜಿಗೆ, ಅಲ್ಲಿಗೆ ಮುಗಿಸಿರಿ. ಸಾಧ್ಯವಾದರೆ ಎಂಟು ಗಂಟೆಗೆ ಬುತ್ತಿಯನ್ನು ಅಂಗಡಿಗೇ ತರಿಸಿಕೊಳ್ಳಿರಿ.

ಚಹಾವನ್ನು ನೀವು ‘ಅಷ್ಟೇ’ ಎಂದು ದಾಟಿದ್ದೀರಿ, ನಾನು ದಾಟಲಾರೆ. ಸಣ್ಣ ಲೋಟಕ್ಕೆ 6 ಗ್ರಾಂ ಸಕ್ಕರೆ ಎಂದು ಹಿಡಿದರೂ ಎಂಟು ಚಹಾಕ್ಕೆ 48 ಗ್ರಾಂ ಆಯಿತು. ಹೊರಗಿನಿಂದ ಸೇರುವ ಸಕ್ಕರೆ ಒಟ್ಟು ಶಕ್ತಿಯ ಶೇ 10ರೊಳಗೆ ಇರಬೇಕು, ಶೇ 5ಕ್ಕೆ ಇಳಿದರೆ ಇನ್ನೂ ಒಳಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶೇ 5 ಎಂದರೆ ದಿನಕ್ಕೆ ಸುಮಾರು 25 ಗ್ರಾಂ. ಸಿಹಿ ಮುಟ್ಟದವರು ಅದರ ಸುಮಾರು ಎರಡು ಪಟ್ಟು ಸಕ್ಕರೆಯನ್ನು ಕುಡಿಯುತ್ತಿದ್ದೀರಿ. ಗಿರಾಕಿಗೆ ಚಹಾ ಕೊಡದೆ ಕಳಿಸುವುದು ನಮ್ಮ ಕಡೆ ಮರ್ಯಾದೆಯಲ್ಲ ಎಂಬುದು ನನಗೂ ಗೊತ್ತು. ಅವರಿಗೆ ಕೊಡಿರಿ, ನಿಮ್ಮ ಲೋಟ ದಿನಕ್ಕೆ ಎರಡೇ ಇರಲಿ, ಸಕ್ಕರೆಯಿಲ್ಲದೆ. ಮಿರ್ಚಿಯನ್ನು ವಾರಕ್ಕೊಂದು ದಿನಕ್ಕೆ ಇಳಿಸಿರಿ, ಏಕೆಂದರೆ ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ ಇರುತ್ತದೆ ಮತ್ತು ಕಡಲೆಹಿಟ್ಟು ಬಾಣಲೆಯಲ್ಲಿ ಎಣ್ಣೆ ಕುಡಿಯದೆ ಏಳುವುದಿಲ್ಲ. ರಕ್ತದೊತ್ತಡವೂ ಅಂಚಿನಲ್ಲಿರುವುದರಿಂದ ಉಪ್ಪಿನಕಾಯಿ, ಹಪ್ಪಳಗಳಲ್ಲಿ ಅಡಗಿರುವುದೂ ಸೇರಿ ದಿನದ ಉಪ್ಪು 5 ಗ್ರಾಂ ದಾಟದಿರಲಿ. ಒತ್ತಡವನ್ನು ಬೇರೆ ಬೇರೆ ದಿನ ಎರಡು-ಮೂರು ಸಲ ಅಳೆಸಿರಿ.

ತಂದೆಯವರ ಸಂಗತಿಗೆ ಬರೋಣ. ಅವರ ರಕ್ತದ ಸಕ್ಕರೆಯನ್ನು ಯಾರಾದರೂ ಅಳೆದಿದ್ದರೇ ಎಂಬುದು ಒಂದು ಮಾತು. ಅದನ್ನು ಬಿಟ್ಟರೂ, ಅವರು ಆ ರೊಟ್ಟಿಗಳನ್ನು ಕುಂಟೆ ಹೊಡೆದು, ಮೂಟೆ ಹೊತ್ತು, ಹೊಲಕ್ಕೆ ನಡೆದು ಕರಗಿಸುತ್ತಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದಾಗ ತಟ್ಟೆ ಬದಲಾಯಿತು ಎಂದು ನಾವು ಹೇಳುತ್ತೇವೆ. ಆದರೆ ಆಮೇಲೆ ಒಂದೊಂದಾಗಿ ಟ್ರ್ಯಾಕ್ಟರ್, ಕಟಾವು ಯಂತ್ರ, ಬೈಕುಗಳು ಬಂದು ಮೈದುಡಿಮೆ ಹೋದದ್ದನ್ನು ಮರೆಯುತ್ತೇವೆ. ಅಂಗಡಿಯ ಕುರ್ಚಿಯಲ್ಲಿ ಹನ್ನೆರಡು ತಾಸು ಕುಳಿತವರು ಹೊಲದವರ ಊಟ ಉಂಡರೆ ಉಳಿದದ್ದು ಹೊಟ್ಟೆಗೇ ಸೇರುತ್ತದೆ. ಅನ್ನದ ಮೇಲಿರುವಷ್ಟು ಅನುಮಾನ ನನಗೆ ಕುರ್ಚಿಯ ಮೇಲೂ ಇದೆ.

ನಡಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಇರಲಿ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿಗೆ ಬೆಳಿಗ್ಗೆ ಏಳರೊಳಗೆ ಮುಗಿಸುವುದು ಲೇಸು. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ತಿರುಗಾಡಿದರೆ, ದುಡಿಯುವ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ತೂಕವನ್ನು ಶೇ 7ರಷ್ಟು ಇಳಿಸಿ ಇಷ್ಟೇ ನಡಿಗೆ ಮಾಡುವ ಗುರಿ ಇಟ್ಟುಕೊಂಡ ಪೂರ್ವಸ್ಥಿತಿಯವರಲ್ಲಿ ಮಧುಮೇಹಕ್ಕೆ ತಿರುಗುವುದು ಶೇ 58ರಷ್ಟು ಕಡಿಮೆಯಾಯಿತು; ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆಯಿಂದ ಶೇ 31. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಊಟ, ನಡಿಗೆ ತಿದ್ದಿಕೊಂಡದ್ದರ ಲಾಭ ಶೇ 28ರ ಆಸುಪಾಸಿನಲ್ಲಿತ್ತು, ಅದೂ ತೂಕ ಹೇಳಿಕೊಳ್ಳುವಷ್ಟು ಇಳಿಯದೆ. ಆದ್ದರಿಂದ ತಕ್ಕಡಿ ಮುಷ್ಕರ ಹೂಡಿದರೂ ನಡಿಗೆ ನಿಲ್ಲಿಸಬೇಡಿರಿ. ನಿಮಗೆ ಶೇ 7 ಎಂದರೆ ಐದು ಕಿಲೊ. ಮೂರು ತಿಂಗಳ ನಂತರ ಎಚ್‌ಬಿಎ1ಸಿ ಮತ್ತೆ ಮಾಡಿಸಿ, ಮಾತ್ರೆ ಬೇಕೇ ಎಂಬುದನ್ನು ನಿಮ್ಮ ವೈದ್ಯರೊಡನೆ ಕುಳಿತು ತೀರ್ಮಾನಿಸಿರಿ.

ಪ್ರಶ್ನೆ: ನಮ್ಮ ತಾಯಿಗೆ 56 ವರ್ಷ, ಎತ್ತರ 150 ಸೆಂ.ಮೀ., ತೂಕ ಮೊದಲಿನಿಂದಲೂ 46 ಕಿಲೊ. ಎರಡು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನಡೆದಿದೆ. ತೆಳ್ಳಗಿದ್ದವರಿಗೆ ಸಕ್ಕರೆ ಬರುವುದಿಲ್ಲ, ಪರೀಕ್ಷೆಯೇ ತಪ್ಪಿರಬೇಕು ಎಂದು ನೆರೆಯವರು ಹೇಳುವುದನ್ನು ನಂಬಿ ಮಾತ್ರೆ ಬಿಡುತ್ತೇನೆನ್ನುತ್ತಾರೆ. ಏನು ಹೇಳಲಿ?
– ಒಬ್ಬ ಓದುಗಳು, ಬಳ್ಳಾರಿ

ಉತ್ತರ: ಬಿಡಬಾರದೆಂದು ಹೇಳಿರಿ. ತೆಳ್ಳಗಿದ್ದವರಿಗೂ ಸಕ್ಕರೆ ಕಾಯಿಲೆ ಬರುತ್ತದೆ, ಏಕೆಂದರೆ ತೆಳ್ಳಗಿನ ಮೈಯಲ್ಲೂ ಕೊಬ್ಬು ಅಡಗಿರಬಹುದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿ ಇದನ್ನು ಜಗತ್ತಿಗೆ ತೋರಿಸಿದರು. ಇಬ್ಬರ ದೇಹತೂಕದ ಸೂಚ್ಯಂಕವೂ 22.3, ಇಬ್ಬರೂ ನೋಡಲು ತೆಳ್ಳಗೆ. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ 21.2. ನಮ್ಮವರಲ್ಲಿ ಸ್ನಾಯು ಕಡಿಮೆ, ಒಳಗಿನ ಕೊಬ್ಬು ಹೆಚ್ಚು ಇರುವುದು ಸಾಮಾನ್ಯ. ನಿಮ್ಮ ತಾಯಿಯವರಿಗೆ ಊಟ ಕಡಿಮೆ ಮಾಡುವ ಸಲಹೆ ಸಲ್ಲದು. ಬೇಳೆ, ಮೊಸರು, ಹಿಡಿಯಷ್ಟು ಶೇಂಗಾ, ತಿನ್ನುವವರಾದರೆ ಮೊಟ್ಟೆ, ಇವು ಪ್ರತಿ ಹೊತ್ತಿನಲ್ಲೂ ಒಂದಿಷ್ಟು ಇರಬೇಕು. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವಂಥ ವ್ಯಾಯಾಮವನ್ನೂ ಮಾಡಿಸಿರಿ. 46 ಇದ್ದ ತೂಕ ತಾನಾಗಿ ಇಳಿಯತೊಡಗಿದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಪ್ರಶ್ನೆ: ಬೆಳಿಗ್ಗೆ ಬಿಸಿನೀರಿಗೆ ಜೇನು, ನಿಂಬೆರಸ ಬೆರೆಸಿ ಕುಡಿದರೆ ಕೊಬ್ಬು ಕರಗುತ್ತದೆಯೇ?
– ವಿದ್ಯಾರ್ಥಿನಿ, ರಾಯಚೂರು

ಉತ್ತರ: ಇಲ್ಲ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 60 ಕ್ಯಾಲೊರಿ ಇರುತ್ತದೆ, ಹಾಗಾಗಿ ಲೆಕ್ಕ ಏರುವುದೇ ಹೊರತು ಇಳಿಯುವುದಿಲ್ಲ. ರಾಯಚೂರಿನ ಬಿಸಿಲಿಗೆ ತಣ್ಣನೆಯ ನೀರನ್ನೇ ಹೊಟ್ಟೆ ತುಂಬ ಕುಡಿಯಿರಿ.