ಕೇರಳದ ಟಿಕೆಟ್‌ಗೆ ಬಹುಮಾನ ಬಂದರೆ?

ಪ್ರಶ್ನೆ: ಮೆಣಸಿನ ವ್ಯಾಪಾರಕ್ಕೆಂದು ವಯನಾಡಿಗೆ ಹೋಗಿದ್ದ ನಮ್ಮ ಭಾವ ಅಲ್ಲಿಂದ ಲಾಟರಿ ಟಿಕೆಟ್ ತಂದಿದ್ದಾರೆ. ನಮ್ಮ ರಾಜ್ಯದಲ್ಲಿ ಲಾಟರಿ ನಿಷೇಧವಿರುವಾಗ ಬಹುಮಾನ ಬಂದರೆ ಸಿಗುತ್ತದೆಯೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಸಿಗುತ್ತದೆ. 1998ರ ಲಾಟರಿ ನಿಯಂತ್ರಣ ಕಾಯ್ದೆಯಂತೆ ರಾಜ್ಯ ಸರ್ಕಾರಗಳು ತಾವೇ ಟಿಕೆಟ್ ಮುದ್ರಿಸಿ, ತಾವೇ ಡ್ರಾ ನಡೆಸಿ ಲಾಟರಿ ನಡೆಸಬಹುದು; ಬೇಡವೆನ್ನುವ ರಾಜ್ಯವು ಹೊರ ರಾಜ್ಯಗಳ ಟಿಕೆಟ್ ಮಾರಾಟವನ್ನೂ ತಡೆಯಬಹುದು. ಕರ್ನಾಟಕ 2007ರಲ್ಲಿ ಈ ದಾರಿ ಹಿಡಿಯಿತು. ದಿನಗೂಲಿಯವರ ಸಂಪಾದನೆ ಬಸ್ ನಿಲ್ದಾಣದ ಲಾಟರಿ ಅಂಗಡಿಗಳಲ್ಲಿ ಕರಗುತ್ತಿದ್ದುದನ್ನು ಕಂಡವರಿಗೆ ಅದು ಸರಿಯಾದ ನಿರ್ಧಾರವೆಂದೇ ತೋರುತ್ತದೆ. ಕೇರಳವಾದರೋ 1967ರಲ್ಲೇ ಇದಕ್ಕಾಗಿ ಪ್ರತ್ಯೇಕ ಇಲಾಖೆ ತೆರೆದು ಇಂದಿಗೂ ನಡೆಸುತ್ತಿದೆ. ಬ್ರಿಟನ್ನಿನ ಕ್ರಮವೇ ಬೇರೆ: ಅಲ್ಲಿ 1994ರಲ್ಲಿ ಆರಂಭವಾದ ರಾಷ್ಟ್ರೀಯ ಲಾಟರಿಯನ್ನು ಪರವಾನಗಿ ಪಡೆದ ಖಾಸಗಿ ಸಂಸ್ಥೆ ನಡೆಸುತ್ತದೆ, ಜೂಜು ಆಯೋಗ ಅದರ ಮೇಲೆ ನಿಗಾ ಇಡುತ್ತದೆ.

ನಿಮ್ಮ ಭಾವನವರು ಟಿಕೆಟನ್ನು ಕೇರಳದಲ್ಲೇ ಕೊಂಡಿರುವುದರಿಂದ ಬಹುಮಾನದ ಹಕ್ಕಿಗೆ ಅಡ್ಡಿಯಿಲ್ಲ. 2024ರ ಓಣಂ ಬಂಪರ್‌ನ 25 ಕೋಟಿ ರೂಪಾಯಿ ಪಾಂಡವಪುರದವರೊಬ್ಬರಿಗೇ ಬಂದಿತ್ತು. ದೊಡ್ಡ ಮೊತ್ತವಾದರೆ ಶೇ. 30ರಷ್ಟು ಆದಾಯ ತೆರಿಗೆ ಮೊದಲೇ ಕಡಿತವಾಗುತ್ತದೆ. ಮೂಲ ಟಿಕೆಟನ್ನು ಜೋಪಾನವಾಗಿಡಿ. ಕೇರಳ ಸರ್ಕಾರ ಕಾಗದದ ಟಿಕೆಟನ್ನಷ್ಟೇ ಮಾರುತ್ತದೆ. ಆದ್ದರಿಂದ ವಾಟ್ಸಾಪ್‌ನಲ್ಲಿ ಬರುವ ‘ಆನ್‌ಲೈನ್ ಟಿಕೆಟ್’ಗಳಿಗೆ ದಯವಿಟ್ಟು ಹಣ ಕಳುಹಿಸಬೇಡಿ.